ಬಂಕಿನಲ್ಲಿ ಗೃಹಪ್ರವೇಶ

ಗೆಳೆಯರೇ, ನಮ್ಮಣ್ಣ ಹಳೇ ಟೆಂಪೋದೊಳಗೆ ಮಂಚ, ಒಲೆ, ಗ್ಯಾಸ್ ಸಿಲಿಂಡರ್ ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿದ್ದಾನೆ. ಇವತ್ತು ಅದರ ಮೊದಲ ಪ್ರಯಾಣ. ಬಂಗಾರಪೇಟೆಯ ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಂತಿದ್ದೆವು. ಹಿಂದೆ ತಿರುಗಿ ನೋಡಿದರೆ ಅಮ್ಮ ಒಲೆ ಹಚ್ಚಿ ಹಾಲಿಟ್ಟಿದ್ದಾಳೆ!

"ಅಮ್ಮಾ, ಇದು ಬಂಕು! ಆರಿಸು!" ಎಂದು ಕೂಗಿದೆ.

"ಮನೆ ಅಂದ್ಮೇಲೆ ಆಲುಕ್ಕಿಸ್ಬೇಕು ಕಣ್ಲಾ. ಐನೋರು ಕೊಟ್ಟಿರೋ ಮೂರ್ತ ಈಗ್ಲೇ ಇರೋದು. ಉಕ್ಕೋಕ್ ಮುಂಚೆ ಆರಿಸಿದ್ರೆ ಅಪಶಕುನ" ಎಂದಳು ಅಮ್ಮ.

ಬಂಕಿನವನು ಪೈಪು ಬಿಟ್ಟು ಓಡಿಬಂದ. "ಅಮ್ಮಾ, ಆಲಿಗಿಂತ ಮುಂಚೆ ನಾವೆಲ್ಲಾ ಉಕ್ಕೋಗ್ತೀವಿ!"

ನಾನೇ ಒಳಗೆ ನುಗ್ಗಿ ಒಲೆ ಆರಿಸಿ ಸಿಲಿಂಡರ್ ಬಂದ್ ಮಾಡಿದೆ. ಅಮ್ಮ ಮುಖ ಊದಿಸಿಕೊಂಡಳು. ಬಂಕಿನವನು ಒಂದು ಹನಿ ಡೀಸೆಲ್ ಕೊಡದೆ ನಮ್ಮನ್ನು ಅಟ್ಟಿದ.

ಬೂದಿಕೋಟೆ ರಸ್ತೆಯ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದಿಟ್ಟು ಹಾಲುಕ್ಕಿಸಿದೆವು. ಪೂರ್ವ ದಿಕ್ಕಿಗೇ ಉಕ್ಕಿತು. ಅಮ್ಮನಿಗೆ ಪರಮ ತೃಪ್ತಿ. ಆಮೇಲೆ ಅಣ್ಣ ಕೀಲಿ ತಿರುಗಿಸಿದರೆ ಗಾಡಿ ಕೆಮ್ಮಿ ಸುಮ್ಮನಾಯಿತು. ಡೀಸೆಲ್ ಖಾಲಿ.

ಗೃಹಪ್ರವೇಶಕ್ಕೆ ಎಲ್ಲರೂ ಬನ್ನಿ, ಮನೆ ಎಲ್ಲಿಗೂ ಹೋಗುವುದಿಲ್ಲ. ಉಡುಗೊರೆ ಬೇಡ, ಒಂದು ಕ್ಯಾನ್ ಡೀಸೆಲ್ ತನ್ನಿ.