ಕಂಪ್ಯೂಟರುಗಳ ನಡುವೆ ಉಡಿ ತುಂಬಿದ ದಿನ

ಕೆಲಸದಿಂದ ತೆಗೆಯುವುದಕ್ಕೆ ನಯವಾದ ಮಾತು ಹುಡುಕುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕೊಟ್ಟೂರಿನ ಮೊದಲ ಕೆಲಸ ಹೋದ ಮೇಲೆ ನಾನು ದೊಡ್ಡ ಊರುಗಳಲ್ಲಿ ದುಡಿದೆ. ಗಾಜಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ನೀರಿನ ಬಾಟಲಿ ಮುಂದಿಟ್ಟು, ಕಂಪನಿ ಈಗ ಬೇರೆ ದಾರಿ ಹಿಡಿದಿದೆ ಅಂತ ಹೇಳಿ ಸಾಗಹಾಕಿದ್ದನ್ನು ಕಣ್ಣಾರೆ ನೋಡಿದೆ. ಆಗೆಲ್ಲ ಕೊಟ್ಟೂರಿನ ಆಫೀಸಿನ ನಮ್ಮ ಅಕ್ಕ ನೆನಪಾಗುತ್ತಾಳೆ. ಕೆಲಸ ಕಳಕೊಂಡವರನ್ನು ಮನೆಗೆ ಕಳಿಸುವುದು ಹೇಗೆ ಅಂತ ಗೊತ್ತಿದ್ದವಳು ಅವಳೊಬ್ಬಳೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಕೊಟ್ಟೂರಿನ ಜವಳಿ ಅಂಗಡಿಯೊಂದರ ಮಹಡಿಯ ಮೇಲೆ ಆಫೀಸು ತೆರೆದಿತ್ತು. ಹೊರದೇಶದ ಆಸ್ಪತ್ರೆಗಳ ಹಳೆಯ ಕಾಗದಗಳು ಫೋನಿನ ತಂತಿಯ ಮೇಲೆ ನಮ್ಮ ಪರದೆಗೆ ಬರುತ್ತಿದ್ದವು. ಯಾರೋ ಡಾಕ್ಟರು ಗೀಚಿದ್ದನ್ನು ಓದಿ, ಟೈಪು ಮಾಡಿ, ವಾಪಸು ಕಳಿಸುವುದು ನಮ್ಮ ಕೆಲಸ. ಅದಕ್ಕೆ ಪ್ರಾಜೆಕ್ಟು ಅಂತ ಹೆಸರು. ಹಡಗಲಿ ಕಡೆಯ ಹೊಳಲು, ಹರಪನಹಳ್ಳಿ ಕಡೆಯ ನೀಲಗುಂದ, ಎಲ್ಲೆಲ್ಲಿಂದಲೋ ಹುಡುಗಿಯರು ಬಂದು ಕೊಟ್ಟೂರಿನಲ್ಲಿ ರೂಮು ಹಿಡಿದಿದ್ದರು. ನಾನು ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ, ದಿನಾ ಕಂಡಕ್ಟರನ ಜೊತೆ ಜಗಳ ಕಾಯುತ್ತಿದ್ದೆ.

ಆಫೀಸಿನ ಉಸ್ತುವಾರಿ ಅಕ್ಕನದು. ಹರಪನಹಳ್ಳಿಯವಳು, ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಹಣೆಗೆ ಬರೀ ವಿಭೂತಿ. ಮೇಡಂ ಅನ್ನಬೇಕು ಅಂತ ಕಂಪನಿಯ ಹುಕುಂ ಇತ್ತು. ನಾವು ಒಬ್ಬರೂ ಅನ್ನಲಿಲ್ಲ, ಅಕ್ಕಾ ಅಂತಲೇ ಕರೆಯುತ್ತಿದ್ದೆವು. ಮೌಸು ಹಿಡಿಯಲು ಬಾರದ ಹುಡುಗಿಯರನ್ನು ಬೈಯದೆ, ಮುಖ ಸಿಂಡರಿಸದೆ, ಪಕ್ಕದಲ್ಲಿ ಕೂತು ಕಲಿಸಿದವಳು ಅವಳು. ನನಗೆ ಮಾತ್ರ ಬೈಯುತ್ತಿದ್ದಳು. ನಿನಗ ಬೈಲಿಲ್ಲಂದ್ರ ನೀನ ನನಗ ಬೈತೀಯಲ್ಲ ತಂಗಿ, ಅಂತ ಕಾರಣ ಕೊಡುತ್ತಿದ್ದಳು. ಸುಳ್ಳಲ್ಲ ಬಿಡಿ.

ನನ್ನ ಪಕ್ಕದ ಕುರ್ಚಿಯವಳು ಗುಡೇಕೋಟೆಯ ಹುಡುಗಿ. ಕುರಿ ಸಾಕುವ ಮನೆತನ. ಅವಳ ಕತೆ ಆಫೀಸಿಗೆಲ್ಲ ಬಾಯಿಪಾಠ ಆಗಿತ್ತು, ಯಾಕಂದರೆ ಅವಳೇ ದಿನಾ ಹೇಳುತ್ತಿದ್ದಳು. ಅವಳನ್ನು ಕೆಲಸಕ್ಕೆ ಕಳಿಸುವಾಗ ಅಪ್ಪ ಕಡ್ಡಿ ಮುರಿದಂಗೆ ಹೇಳಿದ್ದನಂತೆ: "ನಿನ್ನ ಮ್ಯಾಲ ಒಂದು ಮಾತು ಬಂತಂದ್ರ ನೀನು ಮನಿಗೆ, ನಿನ್ನ ತಂಗಿ ಓದು ಬಂದ್." ತಂಗಿ ಆ ವರ್ಷ ಹತ್ತನೆಯ ಕ್ಲಾಸು ಪಾಸಾಗಿದ್ದಳು. ಕೂಡ್ಲಿಗಿಯ ಕಾಲೇಜಿಗೆ ಸೇರುವುದೊಂದೇ ಅವಳ ಹಂಬಲ. ಹಾಗಾಗಿ ಅಕ್ಕತಂಗಿ ಇಬ್ಬರ ಬದುಕೂ ಆ ಒಂದು ಕುರ್ಚಿಯ ಮೇಲೆ ಕೂತಿತ್ತು.

ಒಂದು ಬೆಳಿಗ್ಗೆ ನಾವಿನ್ನೂ ಚಪ್ಪಲಿ ಬಿಡುತ್ತಿದ್ದೆವು, ಬೆಂಗಳೂರಿನಿಂದ ಫೋನು ಬಂತು. ಅಕ್ಕ ಹ್ಞೂಂ ಹ್ಞೂಂ ಅಂದು ಕೆಳಗಿಟ್ಟಳು. ಎಲ್ಲರನ್ನೂ ಕರೆದಳು.

"ನೋಡ್ರೇ ಹುಡುಗೇರಾ, ಪ್ರಾಜೆಕ್ಟು ನಿಂತೈತಿ. ನಮ್ಮ ಆಫೀಸೂ ಇವತ್ತಿಗೇ ಮುಗೀತು. ಮಧ್ಯಾಹ್ನ ಅವರ ಕಡೆಯೋನು ಬರ್ತಾನ, ಕೀಲಿ ಹಾಕ್ಕೊಂಡು ಹೋಗ್ತಾನ. ಅಲ್ಲೀತನಕ ನಿಮ್ಮ ಮುಂದ ಬಾಯಿ ಬಿಡಬ್ಯಾಡ ಅಂತ ನನಗ ಅಂದಾರ. ನಾ ಬಿಟ್ಟೀನಿ."

ಯಾಕೆ ಅಂತ ಕೇಳಿದೆವು. ಆ ದೇಶದವರಿಗೆ ಬೇಡವಾಯಿತಂತೆ, ಅಷ್ಟೇ. ನಮ್ಮ ಕೆಲಸದಲ್ಲಿ ತಪ್ಪೇನಾದರೂ ಇತ್ತೇ ಅಂದರೆ ಅದೂ ಇಲ್ಲ. ತಪ್ಪಿದ್ದರೆ ಬೈಸಿಕೊಂಡು ತಿದ್ದಿಕೊಳ್ಳಬಹುದಿತ್ತು. ತಪ್ಪೇ ಇಲ್ಲದ್ದನ್ನು ಏನಂತ ತಿದ್ದೋದು? ನಾನು ಸಿಟ್ಟಿಗೆ ಕೀಬೋರ್ಡು ಕಿತ್ತು ಬೀದಿಗೆ ಎಸೀತೀನಿ ಅಂತ ಎದ್ದೆ. ಹೊಳಲಿನವಳು ನನ್ನ ಕೈ ಹಿಡಿದು ಕೂಡಿಸಿದಳು. ನೀಲಗುಂದದವಳಿಗೆ ಮಾತು ತಲೆಗೆ ಹೋಗಿರಲೇ ಇಲ್ಲ ಅಂತ ಕಾಣುತ್ತದೆ. ಅವಳು ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಯಾವನೋ ಮುದುಕನ ಕಾಗದ ತೆರೆದು ಟೈಪು ಮಾಡತೊಡಗಿದಳು. ಅವಳು ಮುಗಿಸುವ ಮೊದಲೇ ಆ ಕಡೆಯಿಂದ ಸಂಪರ್ಕ ಕತ್ತರಿಸಿದರು. ಪರದೆ ಖಾಲಿಯಾಯಿತು. ಆ ಮುದುಕನಿಗೆ ಆಪರೇಷನ್ ಆತೋ ಇಲ್ಲೋ, ಅಂತ ಅವಳು ಕೇಳಿದಳು.

ಗುಡೇಕೋಟೆಯವಳು ಮಾತ್ರ ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. "ಅಕ್ಕಾ, ನಮ್ಮಪ್ಪ ನಂಬಂಗಿಲ್ಲ," ಅಂದಳು. "ಏನೋ ಮಾಡ್ಯಾಳ, ಅದಕ್ಕ ಓಡಿಸ್ಯಾರ ಅಂತಾನ. ಊರೂ ಅದನ್ನ ಅಂತೈತಿ."

ಅದು ಖರೆ. ನಮ್ಮ ಕಡೆ ಆಗ ಕಂಪನಿ ಮುಚ್ಚುವುದು ಅಂದರೇನು ಅಂತ ಯಾರಿಗೆ ಗೊತ್ತಿತ್ತು? ಹುಡುಗಿ ಹೋದ ಹಾಗೆಯೇ ಬರಿಗೈಲಿ ವಾಪಸು ಬಂದಳು ಅಂದರೆ ಜನ ಒಂದೇ ಅರ್ಥ ಹಚ್ಚುತ್ತಿದ್ದರು.

ಅಕ್ಕ ಧಡಧಡ ಮಹಡಿ ಇಳಿದು ಜವಳಿ ಅಂಗಡಿಯ ಮಾಲಕರ ಹೆಂಡತಿಯನ್ನು ಕರೆತಂದಳು. ಆ ತಾಯಿಯ ಕೈಯಲ್ಲಿ ಕುಪ್ಪಸದ ಖಣಗಳು, ಅಕ್ಕನ ಕೈಯಲ್ಲಿ ಅಕ್ಕಿಯ ಚೀಲ, ಒಣಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ, ಅರಿಷಿಣದ ಬೇರು.

"ಬರ್ರೇ, ಸಾಲಾಗಿ ಕೂಡ್ರಿ," ಅಂದಳು ಅಕ್ಕ. "ಹೆಣ್ಣುಮಕ್ಕಳು ನಮ್ಮಲ್ಲಿ ಇಷ್ಟು ದಿನ ಇದ್ದು ಹೊಂಟೀರಿ. ಉಡಿ ತುಂಬದ ಕಳಸ್ತೀವೇನು?"

ನಮ್ಮ ಸೀಮೆಯಲ್ಲಿ ಮಗಳು ತವರಿನಿಂದ ಹೊರಟರೆ, ಬೇಕಾದವಳು ಮನೆಗೆ ಬಂದು ಹೋದರೆ, ಸೆರಗಿನ ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುತ್ತೇವೆ. ಹೊರಗೆ ದಬ್ಬಿದವಳಿಗೆ ಯಾರೂ ಉಡಿ ತುಂಬುವುದಿಲ್ಲ. ಇದನ್ನು ತಿಳಿಯಲು ಗುಡೇಕೋಟೆಯ ಅಪ್ಪನಿಗೆ ಕಂಪ್ಯೂಟರು ಗೊತ್ತಿರಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಅಕ್ಕನ ತಲೆಗೆ ಆ ಗದ್ದಲದಲ್ಲೂ ಇದು ಹೊಳೆಯಿತಲ್ಲ, ಅಬ್ಬಾ ಅನಿಸಿತು.

ಕುರ್ಚಿಗಳನ್ನು ಗೋಡೆಗೆ ಸರಿಸಿ, ಕಂಪ್ಯೂಟರುಗಳ ನಡುವೆ ನೆಲದ ಮೇಲೆ ಕೂತೆವು. ಚೂಡಿದಾರ ತೊಟ್ಟವರು ವೇಲನ್ನೇ ಉಡಿಯಾಗಿ ಹಿಡಿದರು. ಮಾಲಕರ ಹೆಂಡತಿ ಕುಂಕುಮ ಹಚ್ಚಿ ಒಬ್ಬೊಬ್ಬರಿಗೂ ತುಂಬುತ್ತಾ ಬಂದಳು. ಅಕ್ಕ ದೂರ ನಿಂತು ಅಕ್ಕಿ ಅಳೆದು ಕೊಡುತ್ತಿದ್ದಳು. ಗಂಡ ಇಲ್ಲದವಳು ಉಡಿ ತುಂಬಬಾರದು ಎಂಬುದು ಪದ್ಧತಿ. ಅದು ಅವಳಿಗೂ ಗೊತ್ತು, ನಮಗೂ ಗೊತ್ತು.

ಗುಡೇಕೋಟೆಯವಳ ಸರದಿ ಬಂತು. ಅವಳು ವೇಲು ಒಡ್ಡಲಿಲ್ಲ.

"ನನಗ ನೀವ ತುಂಬ್ರಿ ಅಕ್ಕಾ."

"ಹುಚ್ಚಿ, ನಿಮ್ಮನಿಯಾಗ ಯಾರು ತುಂಬಿದ್ರು ಅಂತ ಕೇಳಿದ್ರ ಏನಂತಿ?"

"ಕೆಲಸ ಕಲಿಸಿದಾಕಿ ತುಂಬಿದ್ಲು ಅಂತೀನಿ."

ಮಾಲಕರ ಹೆಂಡತಿ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಅಕ್ಕ ಬೊಗಸೆ ತುಂಬಾ ಅಕ್ಕಿ ಎತ್ತಿ ವೇಲಿಗೆ ಸುರಿದಳು, ಅರ್ಧ ನೆಲಕ್ಕೆ ಬಿತ್ತು. ನನಗೆ ಕಣ್ಣು ತುಂಬಿತು, ಅದರ ಜೊತೆಗೇ ಹೆದರಿಕೆಯೂ ಆಯಿತು. ಆ ಹುಡುಗಿಯ ಅಪ್ಪ ಇದನ್ನೇ ಹಿಡಿದು ಜಗ್ಗಾಡಿದರೆ ಏನು ಗತಿ?

ಅಷ್ಟರಲ್ಲಿ ಬೆಂಗಳೂರಿನವನು ಬಂದ. ಬಾಗಿಲಲ್ಲೇ ನಿಂತು, ನೆಲದ ಮೇಲಿನ ಅಕ್ಕಿ ಕೊಬ್ಬರಿ ನೋಡಿ, ಬೂಟು ಬಿಚ್ಚಬೇಕೋ ಬೇಡವೋ ಅಂತ ತಡಬಡಿಸಿದ. ಬಿಚ್ಚೇ ಬರ್ರಿ, ಅಂದಳು ಮಾಲಕರ ಹೆಂಡತಿ. ಬಿಚ್ಚಿ ಬಂದ. ಪಾಪ, ಕೆಟ್ಟವನಲ್ಲ, ಕಾಲುಚೀಲದಲ್ಲಿ ನಿಂತು ನಿಯಮ ಒಪ್ಪಿಸಿದ. ಹೊರಗೆ ಹೋಗುವ ಮೊದಲು ಎಲ್ಲರ ಚೀಲ ಬಿಚ್ಚಿಸಿ ನೋಡಬೇಕಂತೆ.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು.

"ನನ್ನ ಚೀಲ ನೋಡ್ರಿ. ಕಂಪ್ಯೂಟರು ಎಣಿಸಿಕೊಳ್ರಿ, ಒಂದು ವಯರು ಕಮ್ಮಿ ಇದ್ರೂ ನನ್ನ ಕೇಳ್ರಿ. ಉಡಿ ತುಂಬಿಸಿಕೊಂಡ ಹೆಣ್ಣುಮಕ್ಕಳನ್ನ ತಡದು ತಪಾಸ ಮಾಡೋದು ನಮ್ಮ ಕಡೆ ಇಲ್ಲ. ಅವರು ಹೋಗ್ಲಿ."

ಗಟ್ಟಿ ದನಿಯೂ ಅಲ್ಲ, ಜಗಳವೂ ಅಲ್ಲ. ಅವನು ತಲೆ ತಗ್ಗಿಸಿ ದಾರಿ ಬಿಟ್ಟ. ನಾವು ಉಡಿ ಎದೆಗೆ ಒತ್ತಿ ಹಿಡಿದು ಮೆಟ್ಟಿಲಿಳಿದೆವು. ಬೀದಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದವರು ಇವತ್ತು ಯಾರ ಮದುವಿ ಅಂತ ಕೇಳಿದರು. ನಾನು ಬಾಯಿಗೆ ಬಂದದ್ದು ಅಂದೆ.

ಗುಡೇಕೋಟೆಯವಳನ್ನು ಒಬ್ಬಳನ್ನೇ ಕಳಿಸಲು ಅಕ್ಕ ಒಪ್ಪಲಿಲ್ಲ. ನನ್ನನ್ನೂ ಜೊತೆಗೆ ಕರೆದಳು, ಆದರೆ ಅಲ್ಲಿ ತುಟಿ ಬಿಚ್ಚಬಾರದು ಅಂತ ಮಾತು ತಗೊಂಡಳು. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ, ಬಂಡೆಗುಡ್ಡಗಳ ನಡುವಿನ ದಾರಿಯಲ್ಲಿ ಕುಲುಕಾಡಿ, ಕುರಿಗಳು ಹಟ್ಟಿಗೆ ಮರಳುವ ಹೊತ್ತಿಗೆ ಮನೆ ಮುಟ್ಟಿದೆವು. ಅಪ್ಪ ಕುರಿ ಒಳಗೆ ಬಿಡುತ್ತಿದ್ದ. ಮಗಳನ್ನು ಕಂಡವನೇ ನಿಂತ. ತಂಗಿ ಬಾಗಿಲ ಹಿಂದಿನಿಂದ ಇಣುಕಿದಳು.

ಅಕ್ಕ ಕೂತು, ಹುಡುಗಿಯ ಅವ್ವ ಕೊಟ್ಟ ನೀರು ಕುಡಿದು, ಸುತ್ತುಬಳಸದೆ ಹೇಳಿದಳು. ಆಫೀಸು ಮುಚ್ಚಿತು, ಎಲ್ಲರ ಕೆಲಸವೂ ಹೋಯಿತು, ನಿಮ್ಮ ಮಗಳದು ಎಳ್ಳಷ್ಟೂ ತಪ್ಪಿಲ್ಲ.

"ತಪ್ಪಿಲ್ಲದ ಯಾರಾರ ಬಿಡಸ್ತಾರೇನ್ರಿ?" ಅಂದ ಅಪ್ಪ. ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವ್ವ ಮಗಳ ವೇಲಿನ ಗಂಟು ನೋಡಿದಳು. "ಉಡಿ ತುಂಬ್ಯಾರಲ್ಲ," ಅಂದಳು. ಅವಳ ಮುಖ ಸ್ವಲ್ಪ ಸಡಿಲಾಯಿತು. "ಯಾರು ತುಂಬಿದ್ರವ್ವಾ?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು. "ನಾನ ತುಂಬೀನ್ರಿ. ನನ್ನ ಹಣಿ ನೋಡ್ರಿ, ನಾ ಎಂಥಾಕಿ ಅಂತ ಗೊತ್ತಾಕ್ಕತಿ. ಆಗಿ ಬರಂಗಿಲ್ಲ ಅನ್ನಿಸಿದ್ರ ಆ ಅಕ್ಕಿ ಕೋಳಿಗೆ ಹಾಕ್ರಿ, ನನಗ ಬ್ಯಾಸರಿಲ್ಲ. ಈಕಿ ಮ್ಯಾಲ ಮಾತ್ರ ಅನುಮಾನ ಪಡಬ್ಯಾಡ್ರಿ."

ಅವ್ವ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವ್ವ ಅವನ ಉತ್ತರಕ್ಕೆ ಕಾಯಲಿಲ್ಲ. ಗಂಟು ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು, ಆರಿಸಿ, ಒಲೆಯ ಮೇಲಿಟ್ಟಳು. ತಾಟು ಹಾಕಿದಾಗ ಅಪ್ಪ ಕೈ ತೊಳೆದು ಬಂದು ಅಕ್ಕನ ಎದುರಿಗೇ ಕೂತ. ಮೊದಲ ತುತ್ತು ಅವನೇ ತಿಂದ. ಅಕ್ಕನ ಅಕ್ಕಿ ಕೋಳಿಗೆ ಹೋಗಲಿಲ್ಲ.

ಊಟದ ನಡುವೆ ಅವನು ಕೇಳಿದ, "ಮತ್ತ ಎಲ್ಲಿಗೆ ಹಾಕ್ಯಾರ್ರಿ ನಿಮ್ಮನ್ನ?"

"ಎಲ್ಲಿಗೂ ಇಲ್ಲಣ್ಣ. ನನ್ನೂ ಬಿಡಿಸ್ಯಾರ."

ಅವನ ತುತ್ತು ಕೈಯಲ್ಲೇ ಉಳಿಯಿತು. ಅಲ್ಲಿಯ ತನಕ ಅವನು ಅಕ್ಕನನ್ನು ಕಂಪನಿಯ ಕಡೆಯವಳು ಅಂದುಕೊಂಡಿದ್ದ. "ಬೆಳಿಗ್ಗಿ ನಿಮ್ಮ ಅನ್ನ ಹೋಗೈತಿ, ಸಂಜಿಗೆ ನನ್ನ ಮಗಳ ಮರ್ಯಾದಿ ಕಾಯಾಕ ಬಂದೀರಿ," ಅಂದ. ಅವನು ಸಣ್ಣ ಮಗಳ ಕಡೆ ತಿರುಗಿದ. "ನಾಳೆ ಇವರ ಸಂಗಾಟ ಹೋಗಿ ಕಾಲೇಜಿಗೆ ಹೆಸರು ಹಚ್ಚು."

ಆ ಹುಡುಗಿ ಬೆಳಗಿನ ತನಕ ನಿದ್ದೆ ಮಾಡಿದಳೋ ಇಲ್ಲವೋ. ನಾವು ಏಳುವ ಮೊದಲೇ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದಳು.

ಕೂಡ್ಲಿಗಿಯ ಕಾಲೇಜಿನಲ್ಲಿ ಗುಮಾಸ್ತ ನಮ್ಮನ್ನು ಮೇಲೆ ಕೆಳಗೆ ನೋಡಿದ. ಅಪ್ಪ ಬಂದಿಲ್ಲವೇ ಅಂದ. ಆಮೇಲೆ ಅಕ್ಕನ ಕಡೆ ಬೆರಳು ತೋರಿಸಿ, "ನೀವು ಹುಡುಗಿಗೆ ಏನಾಗ್ಬೇಕ್ರಿ?" ಅಂತ ಕೇಳಿದ.

ಕಂಪನಿಯ ಮಾತು ಮೀರಿ ನಮಗೆ ಬಾಯಿ ಬಿಟ್ಟವಳು, ಬೆಂಗಳೂರಿನವನಿಂದ ದಾರಿ ಬಿಡಿಸಿದವಳು, ಗುಡೇಕೋಟೆಯ ಅಪ್ಪನ ಎದುರು ಎದೆ ಕೊಟ್ಟವಳು, ಅಕ್ಕ ಆ ಒಂದು ಪ್ರಶ್ನೆಗೆ ಸುಮ್ಮನೆ ನಿಂತಳು. ನಾನು ಏನಾದರೂ ಹೇಳಬೇಕು ಅಂತ ಮುಂದೆ ಬಂದೆ. ಸಣ್ಣಾಕಿ ನನಗಿಂತ ಮೊದಲು ಅಕ್ಕನ ಸೆರಗು ಹಿಡಿದಳು.

"ನಮ್ಮ ಮನಿ ಮಂದಿರಿ," ಅಂದಳು. "ಬರಕೊಳ್ರಿ."