ಘೋಡಿ ಜಾರಿತಂತೆ

ಲಿಂಗಸುಗೂರಿನ ದಸ್ತಗೀರ್‌ಸಾಬನಷ್ಟು ಅಂಜುಬುರುಕ ಮೋಟಾರು ಮಿಸ್ತ್ರಿ ಆ ಸೀಮೆಯಲ್ಲೇ ಇರಲಿಲ್ಲ. ಇದನ್ನು ಅವನೇ ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದ, ಅದೂ ಹೆಮ್ಮೆಯಿಂದ. ಗಾಡಿಯನ್ನು ಬರೀ ಜ್ಯಾಕಿನ ಮೇಲೆ ಎತ್ತಿ ಅಡಿಗೆ ನುಗ್ಗುವ ಮಿಸ್ತ್ರಿಗಳನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಜ್ಯಾಕು ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ ಎನ್ನುತ್ತಿದ್ದ. ಹೊರುವುದಕ್ಕೆ ಅವನ ಬಳಿ ನಾಲ್ಕು ಘೋಡಿಗಳಿದ್ದವು. ಕಮ್ಮಾರನ ಮುಂದೆ ಎರಡು ದಿನ ಕೂತು ಮಾಡಿಸಿಕೊಂಡ, ಮೂರು ಕಾಲಿನ ಕಬ್ಬಿಣದ ಆಸರೆಗಳು. ಮೊದಲು ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಆಮೇಲೆ ಜ್ಯಾಕು, ಆಮೇಲೆ ಘೋಡಿ, ಘೋಡಿಯ ಕಾಲಡಿಗೆ ಜಾಲಿಮರದ ಹಲಗೆ. ಕಳಚಿದ ಚಕ್ರವನ್ನು ಗಾಡಿಯ ಹೊಟ್ಟೆಯಡಿ ಮಲಗಿಸಬೇಕು. ಕೊನೆಗೆ ಗಾಡಿಯನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ, ಬಿಸ್ಮಿಲ್ಲಾ ಎಂದು ಒಳಗೆ ಹೋಗಬೇಕು.

ಇದಕ್ಕೆಲ್ಲ ಮೊದಲು ಇನ್ನೂ ಒಂದಿತ್ತು. ಎರೆಮಣ್ಣಿನ ಊರುಗಳಲ್ಲಿ ಮೇಲೆ ಗಟ್ಟಿ ಕಂಡ ನೆಲ ಒಳಗೆ ಬಿರಿದಿರುತ್ತದೆ. ಅದಕ್ಕೆ ಅವನು ಒಂದು ಕಬ್ಬಿಣದ ಸಲಾಕೆ ಹಿಡಿದು ನೆಲ ಕುಟ್ಟಿ ಸದ್ದು ಕೇಳುತ್ತಿದ್ದ. ನೋಡಿದವರು ನಗುತ್ತಿದ್ದರು, ನಕ್ಕವರೇ ಗಾಡಿಯನ್ನೂ ತಂದು ಬಿಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ದಸ್ತಗೀರ್‌ಸಾಬನ ಘೋಡಿಯಿಂದ ಒಂದು ಗಾಡಿಯೂ ಬಿದ್ದಿರಲಿಲ್ಲ. ಅವನು ಗಳಿಸಿದ್ದು ಆ ಹೆಸರೊಂದೇ, ಅವನ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ.

ಮೊದಲು ಅವನು ಒಬ್ಬ ಜಾಗೀರದಾರರ ಮನೆಯ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ. ಪೊಲೀಸ್ ಆಕ್ಷನ್ ಆದ ಮೇಲೆ ಜಾಗೀರದಾರರು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ಹೋದರು. ಅವರ ಕೆಂಪು ಕಾರೊಂದು, ಎರಡೇ ಸೀಟಿನ, ತಲೆಯ ಮೇಲೆ ಚಾವಣಿ ಇಲ್ಲದ, ನೆಲಕ್ಕೆ ಹೊಟ್ಟೆ ಹತ್ತುವಷ್ಟು ತಗ್ಗಿನ ಓಟದ ಕಾರು, ಮುದಗಲ್ಲಿನ ಜೋಳದ ವ್ಯಾಪಾರಿ ಶಿವಶರಣಪ್ಪನ ಪಾಲಾಯಿತು. ಆ ರಸ್ತೆಗಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ. ಎರಡು ತಿಂಗಳು ಕುಣಿದು ಮೂರನೆಯ ತಿಂಗಳು ಹಿಂದಿನ ಚಕ್ರ ಬಿಗಿದುಕೊಂಡು ಅಂಗಳದಲ್ಲಿ ಕೂತುಬಿಟ್ಟಿತು.

೧೯೫೧ರ ಯುಗಾದಿ ಕಳೆದ ವಾರದಲ್ಲಿ ಶಿವಶರಣಪ್ಪ ದಸ್ತಗೀರ್‌ಸಾಬನಿಗೆ ಹೇಳಿ ಕಳಿಸಿದ. ಜಾಗೀರದಾರರ ಮನೆಯಲ್ಲಿ ಮಿಸ್ತ್ರಿ ಕೈಯಾರೆ ತೊಳೆದು ಒರೆಸಿದ ಕಾರು. ಹಳೆಯ ನೆಂಟನನ್ನು ನೋಡಲು ಹೊರಟಂತೆ ಅವನು ಖುಷಿಯಾಗಿ ಘೋಡಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಮುದಗಲ್ಲಿಗೆ ಹೋದ. ಅಂಗಳದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು, ಪದ್ಧತಿಯಂತೆ ಸಲಾಕೆ ತೆಗೆದು ನೆಲ ಕುಟ್ಟಿದ.

ಪಡಸಾಲೆಯಲ್ಲಿದ್ದ ಶಿವಶರಣಪ್ಪ ಒಂದೇ ಜಿಗಿತಕ್ಕೆ ಕೆಳಗಿಳಿದ.

"ಏ ಸಾಬ, ಅದೇನು ನೆಲಾ ತಿವಿಯಾಕತ್ತಿ? ಗಿರ್ದಾವರ ಹೇಳಿ ಕಳಿಸ್ಯಾನೇನು?"

ದಸ್ತಗೀರ್‌ಸಾಬ ತಬ್ಬಿಬ್ಬಾದ. ಆಮೇಲೆ ಹೊಳೆಯಿತು. ಆ ವರ್ಷ ಸರಕಾರ ಊರೂರಲ್ಲಿ ಕಡ್ಡಾಯದ ಲೆವಿ ಜೋಳ ಎತ್ತುತ್ತಿತ್ತು. ಕಂದಾಯದ ಗಿರ್ದಾವರನೂ ಅವನ ಜವಾನರೂ ಇಂಥದೇ ಸಲಾಕೆ ಹಿಡಿದು ಮನೆಮನೆಯ ಅಂಗಳ ಕುಟ್ಟಿ, ನೆಲದಡಿ ಕಾಳು ತುಂಬಿಡುವ ಹಗೇವುಗಳನ್ನು ಹುಡುಕುತ್ತಿದ್ದರು. ಪಾಮನಕಲ್ಲೂರಿನಲ್ಲಿ ಒಬ್ಬನ ಹಗೇವು ಸಿಕ್ಕು, ಬಿತ್ತನೆಯ ಕಾಳನ್ನೂ ಬಿಡದೆ ಹೇರಿಕೊಂಡು ಹೋಗಿದ್ದರು. ಈ ಲಿಂಗಸುಗೂರಿನ ಮಿಸ್ತ್ರಿಯೋ ತಹಶೀಲು ಕಚೇರಿಯ ಜೀಪಿಗೂ ಕೈ ಹಚ್ಚುವವನು.

"ಇಲ್ರೀ ಸಾವ್ಕಾರ್ರ, ನೆಲ ಗಟ್ಟಿ ಐತೋ ಇಲ್ಲೋ ಅಂತ ನೋಡಾಕತ್ತೀನ್ರೀ."

"ಗಟ್ಟಿ ಐತಿ. ನಮ್ಮಪ್ಪನ ಕಾಲದ ಅಂಗಳ ಅದು. ತುಂಬಿದ ಚಕ್ಕಡಿ ನಿಂತು ಹೋಗ್ಯಾವ."

ಆದರೆ ಸಲಾಕೆ ಬೇರೆ ಹೇಳಿತ್ತು. ಕಾರಿನ ಹಿಂದಿನ ಎಡಬದಿಗೆ ಕುಟ್ಟಿದಾಗ ದುಮ್ ಎಂದಿತ್ತು. ಆ ಸೀಮೆಯಲ್ಲೇ ಹುಟ್ಟಿದವನಿಗೆ ಆ ಸದ್ದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗೆ ಹಗೇವಿದೆ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿ ಸಗಣಿ ಸಾರಿಸಿದ್ದಾರೆ, ಗಿರ್ದಾವರನ ಸಲಾಕೆ ಅಲ್ಲಿಗೆ ಮುಟ್ಟಬಾರದೆಂದು ಮೇಲೆ ಕಾರು ಎಳೆದು ನಿಲ್ಲಿಸಿದ್ದಾರೆ. ತನ್ನನ್ನು ಕರೆಸಿದ್ದೂ ಅದಕ್ಕೇ. ರಿಪೇರಿ ನಡೆದಿರುವ ಕಾರನ್ನು ಯಾವ ಗಿರ್ದಾವರ ಸರಿಸು ಎಂದಾನು?

ಚಪ್ಪಡಿಯ ಮೇಲೆ ಚಕ್ರ ನಿಂತರೆ ಹೇಗೋ ತಡೆದೀತು. ಘೋಡಿಯ ಕಾಲು ಊರಿ, ಮೇಲೆ ಜಗ್ಗಾಡಿ ಪಾನಾ ತಿರುವಿದರೆ ತಡೆಯುವುದಿಲ್ಲ. ಬಾಯಿಬಿಟ್ಟು ಹೇಳಿದರೆ, ನಿಮ್ಮ ಗುಟ್ಟು ನನಗೆ ಗೊತ್ತಾಯಿತು ಎಂದಂತೆ. ನಾಳೆ ಗಿರ್ದಾವರ ತಾನಾಗಿಯೇ ಬಂದು ಅಗೆದರೂ ಚಾಡಿ ಹೇಳಿದವನು ಸಾಬನೇ ಆಗುತ್ತಾನೆ. ಪೊಲೀಸ್ ಆಕ್ಷನ್ ಆದ ಆ ಎರಡು ಮೂರು ವರ್ಷಗಳಲ್ಲಿ ಒಬ್ಬ ಸಾಬನ ಮೇಲೆ ಅಂಥ ಮಾತು ಎದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬಿಸಲು ಭಾಳ ಐತ್ರೀ. ಎತ್ತು ಕಟ್ಟಿ ಆ ಬೇವಿನ ನೆಳ್ಳಿಗೆ ಎಳಸೂಣೇನ್ರೀ?" ಎಂದು ಮೆತ್ತಗೆ ಕೇಳಿದ.

"ಒಂದು ಗೇಣೂ ಸರಸಬ್ಯಾಡ. ಮಾಡೂದಿದ್ರ ಇಲ್ಲೇ ಮಾಡು."

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವಶರಣಪ್ಪನ ಹೆಂಡತಿ ಕಸ್ತೂರೆಮ್ಮ, "ಏನ್ರೀ, ಅವ್ರು ಹೇಳೂದೂ ಖರೇ ಐತಲ್ಲ, ನೆಳ್ಳಾಗ..." ಎಂದು ಬಾಯಿ ತೆರೆದಳು.

"ನೀ ಒಳಗ ನಡಿ," ಎಂದ ಗಂಡ.

ಬುದ್ಧಿಯಿದ್ದವನು ಅಲ್ಲಿಂದಲೇ ಘೋಡಿ ಹೊತ್ತು ಹಿಂದಿರುಗಬೇಕಿತ್ತು. ಊರಿಗೆಲ್ಲ ಪಾಠ ಹೇಳುವ ಮನುಷ್ಯ, ತನ್ನ ಕಿವಿಗೆ ಕೇಳಿದ್ದನ್ನು ತಾನೇ ನಂಬದೆ ಹೋದನಲ್ಲ ಎಂದು ಸಿಟ್ಟು ಬರುವುದು ಇಲ್ಲೇ. ಆದರೆ ಕೆಲಸ ಬಿಟ್ಟು ಹೊರಟರೂ, ಯಾಕೆ ಹೊರಟೆ ಎಂಬ ಪ್ರಶ್ನೆ ಬೆನ್ನಿಗೇ ಇತ್ತು. ಅವನು ಒಂದರ ಬದಲು ಎರಡು ಹಲಗೆ ಅಡ್ಡ ಇಟ್ಟ. ಮೂರು ಸಲ ಅಲುಗಿಸಿದ. ಕಳಚಿದ ಚಕ್ರವನ್ನು ಹೊಟ್ಟೆಯಡಿ ಮಲಗಿಸಿದ. ಬಿಸ್ಮಿಲ್ಲಾ ಎಂದು ಒಳಗೆ ಹೋದ.

ಬಿಗಿದ ನಟ್ಟೊಂದನ್ನು ಜಗ್ಗಿದಾಗ ಕೆಳಗೆಲ್ಲೋ ಚಟ್ಟೆಂದಿತು. ಹಲಗೆಗಳ ಸಮೇತ ಘೋಡಿ ನೆಲದೊಳಗೆ ಇಳಿಯಿತು, ಕಾರು ಅದರ ಹಿಂದೆಯೇ ವಾಲಿತು. ಮಲಗಿಸಿಟ್ಟ ಚಕ್ರ ಎದೆಯ ಮೇಲೆ ಬರಬೇಕಿದ್ದ ಭಾರವನ್ನು ತಡೆಯಿತು. ಬಲಗೈ ಮಾತ್ರ ಆ ಚಕ್ರಕ್ಕೂ ಕಾರಿಗೂ ನಡುವೆ ಸಿಕ್ಕಿಕೊಂಡಿತು. ಚಕ್ರವೂ ಒಡೆದ ನೆಲದ ಕಡೆಗೆ ತುಸು ತುಸುವೇ ಜಾರುತ್ತಿತ್ತು. ಪಕ್ಕದ ಬಿರುಕಿನಲ್ಲಿ ಜೋಳ ಸುರಿಯುವ ಸದ್ದು ಕೇಳುತ್ತಿತ್ತು.

"ಸಾವ್ಕಾರ್ರ! ಎತ್ತರೀ! ಮಂದೀನ ಕರೀರಿ!"

ಶಿವಶರಣಪ್ಪ ಓಡಿ ಬಂದು ಬಗ್ಗಿ ನೋಡಿದ. ಕೈಯನ್ನೂ ನೋಡಿದ, ಬಿರುಕನ್ನೂ ನೋಡಿದ. ಹಾಗೇ ಹಿಂದಕ್ಕೆ ತಿರುಗಿ, "ಕಸ್ತೂರಿ, ಬೀದಿ ಬಾಗಲಾ ಹಾಕು! ಅಗಳಿ ಹಾಕು ಮದಲ!" ಎಂದು ಕೂಗಿದ.

ಕಾರಿನ ಅಡಿಯಿಂದ ದಸ್ತಗೀರ್‌ಸಾಬನಿಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಕಸ್ತೂರೆಮ್ಮನ ಕಾಲುಗಳು ಬೀದಿ ಬಾಗಿಲಿಗೆ ಹೋದವು. ಅಗಳಿ ಬಿದ್ದ ಸದ್ದೂ ಕೇಳಿತು. ತನ್ನ ಕಥೆ ಮುಗಿಯಿತು ಎಂದುಕೊಂಡ, ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಆ ಕಾಲುಗಳು ಬಾಗಿಲಲ್ಲೇ ನಿಂತಿದ್ದವು, ಅಗಳಿ ಮತ್ತೆ ಅಲುಗಿದ ಸದ್ದಾಯಿತು.

"ಬ್ಯಾಡಬೇ! ಹನ್ನೆಲ್ಡು ಮಂದಿ ಉಣ್ಣೂ ಕಾಳದು!" ಎಂದು ಶಿವಶರಣಪ್ಪ ಅರಚಿದ.

"ಹಾಳಾಗಿ ಹೋಗಲಿ ಕಾಳು!" ಎಂದಳು ಕಸ್ತೂರೆಮ್ಮ. ಅಗಳಿ ಕಿತ್ತು, ಗಂಡನ ಮುಂದೆ ದನಿ ಎತ್ತರಿಸದ ಹೆಣ್ಣುಮಗಳು ಓಣಿ ಬಿರಿಯುವಂತೆ ಕೂಗಿದಳು, "ಯಾರರೆ ಬರ್ರ್ಯೋ! ಮನಶ್ಯಾ ಸಾಯಾಕತ್ತಾನ!"

ಏಳೆಂಟು ಜನ ಬಂದು ಕಾರು ಎತ್ತಿ ಅವನನ್ನು ಎಳೆದರು. ಬಿರುಕು ಎಲ್ಲರ ಕಣ್ಣಿಗೂ ಬಿತ್ತು, ಕಂಡವರೆಲ್ಲ ಕಾಣದವರಂತೆ ಮುಖ ತಿರುಗಿಸಿದರು. ಅವರವರ ಅಂಗಳದಲ್ಲಿ ಅವರವರ ಹಗೇವು ಇದ್ದವು. ಏನಾಯಿತು ಎಂದು ಓಣಿಯಾಚೆಯವರು ಕೇಳಿದಾಗ ಮೊದಲು ಯಾರು ಹೇಳಿದರೋ, "ಸಾಬನ ಘೋಡಿ ಜಾರಿತಂತ" ಎಂಬ ಮಾತು ಹುಟ್ಟಿತು. ಎಲ್ಲರಿಗೂ ಅನುಕೂಲವಾದ ಮಾತು ಅದು, ಅವನನ್ನು ಹೊತ್ತ ಬಂಡಿಗಿಂತ ಮೊದಲೇ ಲಿಂಗಸುಗೂರು ಮುಟ್ಟಿತು.

ದವಾಖಾನೆಯಲ್ಲಿ ಬಲಗೈಯ ಮೂರು ಬೆರಳು ತೆಗೆದರು. ನೋಡಲು ಬಂದ ತಹಶೀಲು ಕಚೇರಿಯ ಜವಾನ ಹೇಗಾಯಿತು ಎಂದು ಕೇಳಿದ. ದಸ್ತಗೀರ್‌ಸಾಬ ಗೋಡೆಯ ಕಡೆ ನೋಡುತ್ತ, "ಘೋಡಿ ಜಾರಿತ್ರೀ. ನಂದೇ ತಪ್ಪು," ಎಂದ. ಇಪ್ಪತ್ತು ವರ್ಷದ ಹೆಸರನ್ನು ಎರಡು ಮಾತಿನಲ್ಲಿ ತಾನೇ ಅಳಿಸಿಕೊಂಡ. ಬೆರಳು ಕತ್ತರಿಸಿದಾಗಲೂ ಆಗದಷ್ಟು ನೋವು ಅವನಿಗೆ ಆಗ ಆಯಿತು.

ಹದಿನೈದು ದಿನಕ್ಕೆ ಬಸ್ಸಿನ ಡ್ರೈವರು ಖಾದರಬಾಷಾ ಮನೆಗೆ ಬಂದ. ಚಹ ಕುಡಿದ, ಕೈ ನೋಡಿ ಲೊಚಗುಟ್ಟಿದ, ಮೂಲೆಯಲ್ಲಿದ್ದ ಘೋಡಿಗಳ ಕಡೆ ನೋಡಿದ. "ನಿಂದೇ ಜಾರಿದ ಮ್ಯಾಲ ನಾವು ಯಾರನ್ನ ನಂಬಬೇಕಪ್ಪ," ಎಂದು ಹೇಳಿ, ಬಸ್ಸನ್ನು ರಿಪೇರಿಗೆ ರಾಯಚೂರಿಗೆ ಒಯ್ದ.

ಹೆಂಡತಿ ಇಮಾಮ್‌ಬೀಯೂ ಸಿಟ್ಟಿನಲ್ಲೇ ಇದ್ದಳು. "ಊರಿಗೆಲ್ಲ ಬುದ್ಧಿ ಹೇಳತಿದ್ರಿ. ನಿಮಗ ಮಂಕು ಕವದಿತ್ತೇನು?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಅಂಥ ಒಂದು ದಿನ ಮುದಗಲ್ಲಿನಿಂದ ಯಾರೋ ಒಂದು ಚೀಲ ಜೋಳ ಇಳಿಸಿ ಹೋದರು. ಇಮಾಮ್‌ಬೀ ಬೀಸುಕಲ್ಲಿನ ಮುಂದೆ ಕೂತು ಎರಡು ಹಿಡಿ ಹಾಕಿ ತಿರುವಿದಳು. ಹಿಟ್ಟಿನಿಂದ ಕಮಟು ವಾಸನೆ ಎದ್ದಿತು. ವರ್ಷಗಟ್ಟಲೆ ಹಗೇವಿನಲ್ಲಿ ಕೂತ ಕಾಳಿಗೆ ಮಾತ್ರ ಬರುವ ವಾಸನೆ ಅದು. ಅವಳ ಕೈ ನಿಂತಿತು. ಹಿಟ್ಟನ್ನು ಮತ್ತೊಮ್ಮೆ ಮೂಸಿ, ಗಂಡನ ಕೈಗೆ ಸುತ್ತಿದ ಬಟ್ಟೆಯನ್ನು ನೋಡಿದಳು.

"ನಿಮ್ಮ ಘೋಡಿ ಜಾರಿಲ್ಲ," ಎಂದಳು.

ಇಷ್ಟು ದಿನದಲ್ಲಿ ಆ ಮಾತನ್ನು ಅವನಿಗೆ ಒಬ್ಬರೂ ಹೇಳಿರಲಿಲ್ಲ. ದಸ್ತಗೀರ್‌ಸಾಬ ಅತ್ತುಬಿಟ್ಟ.

"ಮತ್ತ ಬಾಯಿ ಯಾಕ ಬಿಡಲಿಲ್ಲ?"

"ಆ ತಾಯಿ ಅಗಳಿ ತೆಗದಳು, ಇಮಾಮ್‌ಬೀ. ತೆಗೀಲಿಲ್ಲಂದ್ರ ನಾ ಇರತಿದ್ದಿಲ್ಲ. ನಾ ಹೇಳಿದ್ರ ಗಿರ್ದಾವರನ ಮಂದಿ ಆಕಿ ಮನೀನ ಅಗೀತಿದ್ರು."

ಇಮಾಮ್‌ಬೀ ಚೀಲದ ಬಾಯಿ ಹಿಡಿದಳು. ಚೀಲವನ್ನು ಬೀದಿಗೆ ಚೆಲ್ಲಿಬಿಡಬೇಕು ಎನಿಸುವಷ್ಟು ಅವಳಿಗೆ ರೋಷ ಬಂದಿತ್ತು. ಆಮೇಲೆ ಇನ್ನೆರಡು ಹಿಡಿ ಕಾಳು ಹಾಕಿ ಬೀಸತೊಡಗಿದಳು. ಮನೆಯಲ್ಲಿ ಬೇರೆ ಜೋಳವಿರಲಿಲ್ಲ.