ದೋಣಿಗೆ ನೀರು ಕುಡಿಸುವ ಬೀಪಾತುಮ್ಮ

೧೯೬೧ರ ಬೇಸಿಗೆಯಲ್ಲಿ ವೆಂಕಟರಮಣ ದೇವರ ದರ್ಶನಕ್ಕೆಂದು ಗುರುವಾಯನಕೆರೆಯಿಂದ ಬಂಟ್ವಾಳಕ್ಕೆ ಹೋದವಳು, ಕಾಲು ತೊಳೆಯಲು ಹೊಳೆಗೆ ಇಳಿದೆ. ಅಲ್ಲಿ ಬೀಪಾತುಮ್ಮ ಎಂಬ ಹೆಂಗಸು ಮರಳಿನ ಮೇಲಿದ್ದ ಒಂದು ದೊಡ್ಡ ದೋಣಿಗೆ ಕೊಡದಿಂದ ನೀರು ಹೊಯ್ಯುತ್ತಿದ್ದರು. ವಿಚಾರಿಸಿದಾಗ ಎಲ್ಲ ಹೇಳಿದರು. ಅವರ ಗಂಡ ಇದಿನಬ್ಬ ಆ ದೋಣಿಯಲ್ಲಿ ಮಂಗಳೂರಿಗೆ ಅಕ್ಕಿ, ಅಡಿಕೆ ಒಯ್ಯುತ್ತಿದ್ದವರು. ಈಗ ಸಾಮಾನೆಲ್ಲ ಲಾರಿಯಲ್ಲಿ ಹೋಗುತ್ತಿತ್ತು. ಇದಿನಬ್ಬರು ಪಕ್ಷವಾತ ಬಡಿದು ಮಲಗಿದ್ದರು. ಹೊಳೆಯೂ ಬತ್ತಿ ದೋಣಿಯಿಂದ ದೂರ ಸರಿದಿತ್ತು.

"ಮರ ಒಣಗಿದರೆ ಹಲಗೆ ಬಿರಿಯುತ್ತದಂತೆ ಅಕ್ಕ. ಮಳೆ ಬರುವವರೆಗೆ ದಿನಾ ನೀರು ಕುಡಿಸಬೇಕಂತೆ. ನನಗೆ ಒಂದು ದಿನವೂ ಇಷ್ಟು ಉಪಚಾರ ಮಾಡಲಿಲ್ಲ ಆ ಮನುಷ್ಯ!" ಎಂದು ನಕ್ಕರು.

ಅವರ ಕೈಯಿಂದ ಕೊಡ ತೆಗೆದುಕೊಂಡು ನಾನೂ ಒಮ್ಮೆ ಹೊಯ್ದೆ. ಬಿಸಿಲಿನ ಕಡೆಯ ಹಲಗೆಗಳು ಆಗಲೇ ಬಾಯಿ ಬಿಟ್ಟಿದ್ದವು. ಹೊಯ್ದ ನೀರೆಲ್ಲ ಕೆಳಗಿನ ಮರಳಿಗೆ ಇಳಿಯಿತು.

"ಬಿರಿದಿದೆಯಲ್ಲ, ಬೀಪಾತುಮ್ಮ."

"ಗೊತ್ತುಂಟು. ಅವರಿಗೆ ಹೇಗೆ ಹೇಳುವುದು? ಗುಣವಾಗಿ ದೋಣಿ ಇಳಿಸುತ್ತೇನೆ ಎಂಬ ಆಸೆಯಲ್ಲೇ ಅವರು ನಾಲ್ಕು ಅಗುಳು ಉಣ್ಣುವುದು."

ದಂಡೆಯ ಮೇಲಿನ ಮನೆಯಿಂದ ಇದಿನಬ್ಬರ ತೊದಲು ದನಿ ಕೇಳಿತು. "ಇವಳೇ, ಮರ ನೀರು ಕುಡಿಯಿತಾ?"

"ಕುಡೀತಾ ಉಂಟು!"

"ಹಾಗಾದರೆ ಇನ್ನೂ ಸ್ವಲ್ಪ ಹೊಯ್ಯಿ."

ಬೀಪಾತುಮ್ಮ ನನ್ನ ಮುಖ ನೋಡಿದರು. ದೇವರ ಹೆಸರು ಹೇಳಿಕೊಂಡು, ಕೊಡ ಹಿಡಿದು ಪುನಃ ಹೊಳೆಗೆ ಇಳಿದೆ.